ಪಟ್ಟಿಯಲ್ಲಿ ಹೆಸರು ಬಂದಿದೆ, ಬುನಾದಿ ತೋಡಬಹುದಾ?

ತೋಡಬೇಡಿ. ಸಲಿಕೆಯನ್ನೇ ಮುಟ್ಟಬೇಡಿ.

ಕಲಬುರಗಿಯಲ್ಲಿ ಸ್ವಂತ ಪ್ಲಾಟ್, ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಪಟ್ಟಿಯಲ್ಲಿ ಹೆಸರು, ಎದುರಿಗೆ ಮಳೆಗಾಲ. ಈಗಲೇ ಬುನಾದಿ ಹಾಕಲಾ, ಇಲ್ಲ ಇದೆಲ್ಲ ಬಿಟ್ಟು ಫ್ಲ್ಯಾಟ್‌ಗೆ ಅರ್ಜಿ ಹಾಕಲಾ ಅಂತ ಕೇಳಿದ್ದೀರಿ. ಓದುವಾಗ ಇದನ್ನು 2018ರಲ್ಲಿ ನಾನೇ ಬರೆದಿದ್ದೆನೇನೋ ಅನ್ನಿಸಿತು.

ಆಗ ನಾವು ಆಳಂದ ರಸ್ತೆ ಕಡೆ ತಗಡಿನ ಮನೆಯಲ್ಲಿ ಬಾಡಿಗೆಗಿದ್ದೆವು. ಅಪ್ಪ ದಾಲ್ ಮಿಲ್‌ನಲ್ಲಿ ಹಮಾಲಿ. ನಾನು ಮೊಬೈಲ್ ಅಂಗಡಿಯಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಆ ತಗಡಿನ ಕೆಳಗೆ ಕೂತವರಿಗೇ ಗೊತ್ತು ಸ್ವಂತ ಮನೆ ಯಾಕೆ ಬೇಕು ಅಂತ. ರಿಂಗ್ ರೋಡ್ ಆಚೆ 20 ಬೈ 30 ಪ್ಲಾಟ್ ಅವ್ವನ ಹೆಸರಲ್ಲಿತ್ತು. ಎನ್‌ಎ (ಕೃಷಿಯೇತರ ಜಮೀನು) ಆಗಿತ್ತು, ರಿಜಿಸ್ಟರ್ ಆಗಿತ್ತು, ಖಾತಾನೂ ಇತ್ತು. (ರಿಜಿಸ್ಟರ್ ಇಲ್ಲದೆ ಬರೀ ಬಾಂಡ್ ಪೇಪರ್ ಮೇಲೆ ಪ್ಲಾಟ್ ತಗೊಂಡವರು ಇಲ್ಲಿಗೇ ಓದು ನಿಲ್ಲಿಸಬಹುದು. ನಿಮ್ಮ ತಲೆನೋವೇ ಬೇರೆ.) ಅರ್ಜಿ ಹಾಕಿದೆವು, ಆಯ್ಕೆ ಪಟ್ಟಿಯಲ್ಲಿ ಅವ್ವನ ಹೆಸರು ಬಂತು. ಅವತ್ತು ಮನೆಗೆ ಜಿಲೇಬಿ ತಂದಿದ್ದೆ.

ಅಷ್ಟರಲ್ಲಿ ಮಾರ್ಚ್ 27ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಯಿತು. ನೀತಿ ಸಂಹಿತೆ ಬಂತು. ವರ್ಕ್ ಆರ್ಡರ್, ಅಂದರೆ ಕೆಲಸ ಶುರು ಮಾಡಿ ಅನ್ನುವ ಆದೇಶ, ಕೇಳಿದರೆ ಚುನಾವಣೆ ಮುಗಿಯಲಿ ಅಂದರು. ನಮ್ಮ ಮೇಸ್ತ್ರಿ ಸುಮ್ನಿರಲಿಲ್ಲ. "ಪಟ್ಟಿಯಾಗ ಹೆಸರು ಬಂದದ ಅಲಾ, ಇನ್ನೇನ್ ಬೇಕು? ಬಸವ ಜಯಂತಿಗಿ ಪೂಜಿ ಮಾಡ್ರಿ. ಮಳಿ ಬಿತ್ತಂದ್ರ ಎರಿ ಮಣ್ಣಾಗ ಕಾಲ್ ಇಡಾಕ್ ಆಗಲ್ಲ."

ಮಣ್ಣಿನ ವಿಷಯದಲ್ಲಿ ಅವನು ಹೇಳಿದ್ದು ಸರಿಯೇ. ನಮ್ಮ ಕಡೆ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಆಳಕ್ಕಿಳಿಯದೆ ಮೇಲ್ಮಣ್ಣಲ್ಲೇ ಬುನಾದಿ ಹಾಕಿದರೆ ಎರಡೇ ವರ್ಷಕ್ಕೆ ಗೋಡೆ ಸೀಳುತ್ತದೆ. ಕೆಳಗಿನ ಗಟ್ಟಿ ಗರಸು ಮಣ್ಣು, ಮುರುಮ, ಸಿಗುವವರೆಗೆ ತೋಡಬೇಕು. ನಮಗೆ ಐದೂವರೆ ಅಡಿಗೆ ಸಿಕ್ಕಿತು. ಏಪ್ರಿಲ್ 18ಕ್ಕೆ ತೆಂಗಿನಕಾಯಿ ಒಡೆದು ಶುರು ಮಾಡಿದ್ದು, ಮೇ ಮುಗಿಯುವಷ್ಟರಲ್ಲಿ ಶಹಾಬಾದ್ ಕಲ್ಲು ಕಟ್ಟಿ ನೆಲಮಟ್ಟದಿಂದ ಎರಡು ಅಡಿ ಮೇಲೆ ಬಂದಿದ್ದೆವು. ಓಣಿಯವರೆಲ್ಲ ಬಂದು ನೋಡಿ ಹೋದರು. ನನಗೂ ಎದೆ ಉಬ್ಬಿತ್ತು.

ಜೂನ್‌ನಲ್ಲಿ ಇಂಜಿನಿಯರ್ ಬಂದರು. ಅವ್ವ ಹೊಸ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಕಟ್ಟೆ ಮುಂದೆ ನಿಂತಳು. ಅವರು ಮೊಬೈಲ್ ಎತ್ತಿದರು, ನೋಡಿದರು, ಕೆಳಗಿಳಿಸಿದರು. "ಖಾಲಿ ಜಾಗ ಎಲ್ಲದ?" ಅಂದರು. ಅವ್ವ ತಾನು ಅಡ್ಡ ನಿಂತಿದ್ದೇನೆ ಅಂದುಕೊಂಡು ಪಕ್ಕಕ್ಕೆ ಸರಿದಳು. ಹಿಂದೆ ಕಂಡದ್ದು ಬುನಾದಿ.

ನಾನು ಎಡವಿದ್ದು ಇಲ್ಲೇ. ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರಾಗಬೇಡಿ. ಪಟ್ಟಿ ಬೇರೆ, ಮಂಜೂರಾತಿ ಬೇರೆ, ವರ್ಕ್ ಆರ್ಡರ್ ಬೇರೆ. ಪಟ್ಟಿಯಲ್ಲಿ ಹೆಸರು ಬಂದರೆ ನಿಮ್ಮನ್ನು ಆರಿಸಿದ್ದಾರೆ ಅಂತ ಅಷ್ಟೇ, ಮನೆ ಕೊಟ್ಟರು ಅಂತಲ್ಲ. ಅದಾದ ಮೇಲೆ ಮಂಜೂರಾತಿ ಆಗಬೇಕು. ಅದಾದ ಮೇಲೆ ವರ್ಕ್ ಆರ್ಡರ್ ಕೈಗೆ ಬರಬೇಕು. ಅದಾದ ಮೇಲೆ ಖಾಲಿ ಪ್ಲಾಟ್‌ನಲ್ಲಿ ನಿಮ್ಮನ್ನು ನಿಲ್ಲಿಸಿ ಜಿಪಿಎಸ್ ಫೋಟೋ ತೆಗೆಯಬೇಕು. ಆ ಫೋಟೋ ಆದ ಮೇಲೆ ಮೊದಲ ಸಲಿಕೆ. ನಂತರ ಬುನಾದಿಗೊಂದು ಫೋಟೋ, ಬಾಗಿಲು ಕಿಟಕಿ ಮೇಲಿನ ಲಿಂಟಲ್‌ಗೊಂದು, ಛತ್ತಿಗೊಂದು (ಮೇಲ್ಛಾವಣಿಗೆ), ಪೂರ್ತಿ ಆದ ಮೇಲೆ ಇನ್ನೊಂದು. ಒಂದೊಂದು ಹಂತಕ್ಕೆ ಕಂತು ಖಾತೆಗೆ ಬೀಳುತ್ತದೆ. ಮೊದಲ ಫೋಟೋ ಇಲ್ಲ ಅಂದರೆ ನಿಮ್ಮದು ಆಗಲೇ ಶುರುವಾದ ಮನೆ. ಶುರುವಾದ ಮನೆಗೆ ಹೊಸ ಮನೆಯ ದುಡ್ಡು ಯಾಕೆ ಕೊಡುತ್ತಾರೆ? ನಮ್ಮ ಫೈಲ್ ಅದೇ ಷರಾ ಹೊತ್ತು ವಾಪಸ್ ಬಂತು. ಯಾರ ಮೇಲೂ ಸಿಟ್ಟಿಲ್ಲ, ತಪ್ಪು ನನ್ನದೇ. ಎರಡು ತಿಂಗಳು ಕಾಯಲಿಲ್ಲ, ಅಷ್ಟೇ.

ಅಷ್ಟೇ ಅಂದೆ, ಆದರೆ ಕೇಂದ್ರದ ಪಾಲೇ 1.5 ಲಕ್ಷ ಇತ್ತು. ರಾಜ್ಯದ್ದು ಬೇರೆ. ಸಂಘದ ಸಾಲ ತೆಗೆದು ಗೋಡೆ ಎಬ್ಬಿಸಿದೆವು. ಛತ್ತು ಹಾಕಲು ದುಡ್ಡು ಸಾಲಲಿಲ್ಲ. ಮೂರು ಬೇಸಿಗೆ ಸ್ವಂತ ಮನೆಯಲ್ಲೇ ತಗಡಿನ ಕೆಳಗೆ ಕಳೆದೆವು.

ಇನ್ನು ನಿಮ್ಮ ಲೆಕ್ಕ. "ಸಬ್ಸಿಡಿಯಲ್ಲಿ ಮನೆ ಕಟ್ಟುತ್ತೇನೆ" ಅಂತ ಬರೆದಿದ್ದೀರಲ್ಲ, ಆ ಮಾತೇ ತಪ್ಪು. ಹಂತ ಮುಗಿದ ಮೇಲೆ ದುಡ್ಡು ಬರುತ್ತದೆ, ಮೊದಲಲ್ಲ. ಅಂದರೆ ಬುನಾದಿಯ ದುಡ್ಡು ಪೂರ್ತಿ ನಿಮ್ಮ ಕೈಯಲ್ಲಿರಬೇಕು. ಎರೆ ಮಣ್ಣಲ್ಲಿ ಜಾಸ್ತಿ ತಿನ್ನುವುದೂ ಅದೇ ಬುನಾದಿ. 2024ರ ಸೆಪ್ಟೆಂಬರ್‌ನಿಂದ ಇದೇ ಯೋಜನೆ 2.0 ಅಂತ ಹೊಸದಾಗಿ ಶುರುವಾಗಿದೆ. ಸ್ವಂತ ಪ್ಲಾಟ್‌ನಲ್ಲಿ ಕಟ್ಟುವವರಿಗೆ ಕೇಂದ್ರದ ಪಾಲು ಈಗಲೂ ಅಷ್ಟೇ, 1.5 ಲಕ್ಷ. ಕಬ್ಬಿಣ, ಸಿಮೆಂಟ್ ಮಾತ್ರ 2018ರ ರೇಟಿಗೆ ಯಾರೂ ಕೊಡಲ್ಲ.

ಫ್ಲ್ಯಾಟ್ ಬೇಡ. ಪ್ಲಾಟ್ ಇಲ್ಲದವರಿಗೆ ಅದು ಸರಿ, ಪ್ಲಾಟ್ ಇದ್ದೂ ಯಾಕೆ ಹೋಗುತ್ತೀರಿ? ಫ್ಲ್ಯಾಟ್ 30 ಚದರ ಮೀಟರ್ ಅಂದರೆ 320 ಚದರ ಅಡಿ ಚಿಲ್ಲರೆ. ತಮ್ಮನ ಮದುವೆ ಆದರೆ ಅದರ ಮೇಲೆ ಇನ್ನೊಂದು ಕೋಣೆ ಏರಿಸೋಕಾಗುತ್ತಾ? ಅವ್ವ ಸಂಡಿಗೆ ಎಲ್ಲಿ ಒಣಗಿಸಬೇಕು? ನೀವು ಲಾಭ ನಷ್ಟ ತೂಗಿ ನೋಡಿ ಅಂದಿದ್ದೀರಿ, ನನಗೆ ತೂಗೋಕೆ ಬರಲ್ಲ.

ವರ್ಕ್ ಆರ್ಡರ್ ಬರುವವರೆಗೆ ಒಂದು ಕೆಲಸ ಮಾಡಿ. ಯಾರ ಹೆಸರಲ್ಲಿ ಅರ್ಜಿ ಇದೆಯೋ ಅವರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಕೊಂಡು ಬನ್ನಿ. ಕಲ್ಲು ಅಗ್ಗಕ್ಕೆ ಸಿಕ್ಕರೆ ತರಿಸಿ, ಪರವಾಗಿಲ್ಲ. ಆದರೆ ಪ್ಲಾಟ್ ಒಳಗೆ ಇಳಿಸಬೇಡಿ, ಪಕ್ಕದವರನ್ನು ಕೇಳಿ ಅವರ ಜಾಗದಲ್ಲಿ ಒಟ್ಟಿ. ಒಳಗಿದ್ದರೆ ಖಾಲಿ ಜಾಗದ ಫೋಟೋದಲ್ಲಿ ಬರುತ್ತದೆ.