ಬ್ಯಾಟರಿ ಹೊಸದು, ಲೈಟು ಹಾರ್ನು ಸರಿಯಿದೆ, ಆದರೂ ಕಾರು ಸ್ಟಾರ್ಟ್ ಆಗುತ್ತಿಲ್ಲ. ಸೆಲ್ಫ್ ಮೋಟಾರ್ ಬದಲಿಸಲೇಬೇಕಾ?

ಈಗಲೇ ಬೇಡ. ನೀವು ಹೇಳಿರುವುದು ಇಷ್ಟು: ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರು, ಮನೆ ಕುಂದಾಪುರದಲ್ಲಿ ಕಡಲಿಗೆ ಹತ್ತಿರ. ಹೊಸ ಬ್ಯಾಟರಿಗೆ ಮೀಟರ್ ಇಟ್ಟರೆ 12.6 ವೋಲ್ಟ್. ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು, ಇಂಜಿನ್ ಅಲ್ಲಾಡುವುದಿಲ್ಲ. ಗ್ಯಾರೇಜಿನವರು ಸೆಲ್ಫ್ (ಇಂಜಿನ್ ತಿರುಗಿಸಿ ಎಬ್ಬಿಸುವ ಮೋಟಾರು) ಹೋಗಿದೆ ಅಂದಿದ್ದಾರೆ. ಹೋಗಿರಲೂಬಹುದು. ಆದರೆ ನಾನು ಆಟೋ ಎಲೆಕ್ಟ್ರಿಕಲ್ ಕೆಲಸದವನು. ಉಪ್ಪುಗಾಳಿ ಕುಡಿದ ಹಳೇ ಗಾಡಿ ಅಂದಕೂಡಲೇ ನನ್ನ ಕೈ ಮೊದಲು ಹೋಗುವುದು ಅರ್ಥ್ ವೈರಿಗೆ, ಅಂದರೆ ಕರೆಂಟು ಇಂಜಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಬರುವ ವೈರಿಗೆ.

ಲೈಟು ಉರಿಯುತ್ತದೆ, ಹಾರ್ನು ಹೊಡೆಯುತ್ತದೆ, ಆದ್ದರಿಂದ ಕರೆಂಟು ಸರಿಯಾಗಿ ಹೋಗುತ್ತಿದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ಹೆಡ್‌ಲೈಟು ಸೇರಿ ಎಳೆಯುವುದು ಸುಮಾರು 10 ಆಂಪಿಯರ್. ಸಣ್ಣ ಪೆಟ್ರೋಲ್ ಇಂಜಿನ್ ತಿರುಗಿಸಲು ಸೆಲ್ಫಿಗೆ 150 ಆಂಪಿಯರ್ ಆಸುಪಾಸು ಬೇಕು. ತುಕ್ಕು ಹಿಡಿದ ಒಂದು ಜಾಯಿಂಟಿನಲ್ಲಿ ಬರೀ 0.02 ಓಮ್ ಅಡ್ಡಿ ಇದೆ ಅಂದುಕೊಳ್ಳಿ. 10 ಆಂಪಿಯರ್ ಹರಿದರೆ ಅಲ್ಲಿ ಕಳೆದುಹೋಗುವುದು 0.2 ವೋಲ್ಟ್, ಕಣ್ಣಿಗೇ ಗೊತ್ತಾಗದು. 150 ಆಂಪಿಯರ್ ಹರಿಯಬೇಕಾದರೆ 3 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ನಿಮ್ಮ 12.6 ಕೂಡ ಏನೂ ಲೋಡ್ ಇಲ್ಲದಾಗ ಅಳೆದದ್ದು. ಯಾರಾದರೂ ಕೀ ತಿರುಗಿಸುತ್ತಿರುವಾಗ ಮತ್ತೊಮ್ಮೆ ನೋಡಿ, 9.6ಕ್ಕಿಂತ ಕೆಳಗೆ ಇಳಿದರೆ ಹೊಸ ಬ್ಯಾಟರಿಯನ್ನೂ ಅನುಮಾನಿಸಬೇಕಾಗುತ್ತದೆ.

ಇನ್ನು ಆ ‘ಟಕ್’. ಅದು ಸೊಲೆನಾಯ್ಡಿನದು, ಅಂದರೆ ಸೆಲ್ಫಿಗೆ ಸೇರಿದ ವಿದ್ಯುತ್ ಸ್ವಿಚ್ಚಿನದು. ಸೆಲ್ಫಿನ ಹಲ್ಲನ್ನು ಫ್ಲೈವೀಲಿಗೆ (ಇಂಜಿನ್ನಿನ ದೊಡ್ಡ ಹಲ್ಲಿನ ಚಕ್ರಕ್ಕೆ) ತಳ್ಳುವುದು, ಒಳಗಿನ ತಾಮ್ರದ ಕಾಂಟ್ಯಾಕ್ಟು ಕೂಡಿಸಿ ಮೋಟಾರಿಗೆ ದೊಡ್ಡ ಕರೆಂಟು ಬಿಡುವುದು, ಎರಡೂ ಅದರ ಕೆಲಸ. ಅಂದಮೇಲೆ ಕೀ, ರಿಲೇ, ಫ್ಯೂಸು ಇವೆಲ್ಲ ತಮ್ಮ ಪಾಲಿನ ಕೆಲಸ ಮಾಡಿವೆ. ಅವನ್ನು ಬಿಚ್ಚಲು ಹೋಗಬೇಡಿ. ‘ಟಕಟಕಟಕ’ ಅಂತ ಬಿಡದೆ ಹೊಡೆದುಕೊಂಡಿದ್ದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ ಅನ್ನುತ್ತಿದ್ದೆ.

ಕತ್ತಲಾದ ಮೇಲೆ ಕಾರಿನ ಮೂತಿ ಗೋಡೆಯ ಕಡೆ ಇರುವಂತೆ ನೋಡಿಕೊಂಡು, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಪೂರ್ತಿ ಸೊರಗಿದರೆ ತೊಂದರೆ ಬ್ಯಾಟರಿ ಟರ್ಮಿನಲ್ಲಿನ ಕಡೆ, ಇಲ್ಲವೇ ಮೋಟಾರು ಹಿಡಿದುಕೊಂಡಿದೆ. ಬೆಳಕು ಹೆಚ್ಚುಕಡಿಮೆ ಹಾಗೇ ಇದ್ದು ‘ಟಕ್’ ಮಾತ್ರ ಬಂದರೆ, ದೊಡ್ಡ ಕರೆಂಟು ಹರಿಯುತ್ತಲೇ ಇಲ್ಲ. ಆಗ ಉಳಿಯುವುದು ಇಂಜಿನ್ನಿನ ಅರ್ಥು, ಸೊಲೆನಾಯ್ಡಿನ ಕಾಂಟ್ಯಾಕ್ಟು, ಸೆಲ್ಫಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷು.

ಅರ್ಥು ಹಿಡಿಯಲು ಮೀಟರೂ ಬೇಡ. ಜಂಪ್ ಸ್ಟಾರ್ಟಿಗೆ ಬಳಸುವ ದಪ್ಪ ಕೇಬಲ್ ಒಂದಿದ್ದರೆ ಸಾಕು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಕೇಬಲ್ಲಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೋ ಬೋಲ್ಟಿಗೋ. ಪ್ಲಸ್ ಕಡೆಗೆ ಕೈ ಹಾಕಲೇಬೇಡಿ, ಬೆಲ್ಟು ಫ್ಯಾನಿನಿಂದ ಕೇಬಲ್ ದೂರವಿರಲಿ. ಈಗ ಕೀ ತಿರುಗಿಸಿ. ಇಂಜಿನ್ ಎದ್ದಿತೋ, ಸೆಲ್ಫ್ ಚೆನ್ನಾಗಿದೆ ಅಂತಲೇ ಅರ್ಥ. ಹೋಗಿರುವುದು ಇಂಜಿನ್ನಿನಿಂದ ಕಾರಿನ ಮೈಗೆ ಅಥವಾ ಬ್ಯಾಟರಿಗೆ ಬರುವ ಅರ್ಥ್ ಪಟ್ಟಿ. ಅದನ್ನು ಬಿಚ್ಚಿ, ಎರಡೂ ತುದಿ ಕೂರುವ ಜಾಗವನ್ನು ಉಪ್ಪುಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಎಳೆಗಳು ಒಳಗೇ ಹಸಿರುಗಟ್ಟಿದ್ದರೆ ಪಟ್ಟಿಯನ್ನೇ ಬದಲಿಸಿ. ಹೊಸ ಸೆಲ್ಫಿನ ಮುಂದೆ ಅದರ ಬೆಲೆ ಏನೂ ಅಲ್ಲ. ಅರ್ಥು ಕೆಟ್ಟಾಗ ಕರೆಂಟು ಸುಮ್ಮನೆ ಕೂರುವುದಿಲ್ಲ, ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್ ಹೀಗೆ ಸಿಕ್ಕ ದಾರಿ ಹಿಡಿಯುತ್ತದೆ. ಅವು ಬಿಸಿಯಾಗಿವೆ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಬೇರೆ ಪುರಾವೆಯೇ ಬೇಡ.

ಮೀಟರ್ ಇದ್ದೇ ಇದೆಯಲ್ಲ, ಹಾಗಾಗಿ ಇದನ್ನೂ ಮಾಡಿ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಗೂಟಕ್ಕೆ (ಕ್ಲ್ಯಾಂಪಿಗಲ್ಲ, ಗೂಟಕ್ಕೇ), ಇನ್ನೊಂದು ಸೆಲ್ಫ್ ಮೋಟಾರಿನ ಮೈಗೆ. ಕೀ ತಿರುಗಿಸುವಾಗ 0.2–0.3 ವೋಲ್ಟ್ ತೋರಿಸಿದರೆ ಪರವಾಗಿಲ್ಲ, ಒಂದು ವೋಲ್ಟ್ ದಾಟಿದರೆ ಕಳ್ಳ ಸಿಕ್ಕ. ಪ್ಲಸ್ ಗೂಟದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ ಅಳೆದಾಗ 0.5ರೊಳಗೆ ಇರಬೇಕು. ಎರಡೂ ಕಡೆ ಏನೂ ಕಳೆಯುತ್ತಿಲ್ಲ, ‘ಟಕ್’ ಬಂದರೂ ಮೋಟಾರು ತಿರುಗುತ್ತಿಲ್ಲ ಅಂದರೆ ಗ್ಯಾರೇಜಿನವರ ಮಾತು ನಿಜ, ಸೆಲ್ಫನ್ನೇ ಇಳಿಸಬೇಕು. ಸೆಲ್ಫಿನ ಮೈಗೆ ಮೆಲ್ಲಗೆ ಸ್ಪ್ಯಾನರಿನಿಂದ ತಟ್ಟಿದಾಗ ಒಮ್ಮೆ ಎದ್ದುಬಿಟ್ಟರೆ ಬ್ರಷ್ ಸವೆದಿರುವ ಸಾಧ್ಯತೆ ಹೆಚ್ಚು.

ಇದೇ ಪ್ರಶ್ನೆ ಹುಡುಕಿಕೊಂಡು ಬರುವ ಬೇರೆಯವರಿಗೆ ಎರಡು ಮಾತು. ಕೀ ತಿರುಗಿಸಿದಾಗ ಸದ್ದೇ ಇಲ್ಲದಿದ್ದರೆ ರಿಲೇ, ಇಗ್ನಿಷನ್ ಸ್ವಿಚ್, ಕ್ಲಚ್ ಪೆಡಲಿನ ಸ್ವಿಚ್ ನೋಡಿ. ಆಟೋಮ್ಯಾಟಿಕ್ ಆದರೆ ಗೇರನ್ನು ‘ಎನ್’ನಲ್ಲಿಟ್ಟು ಒಮ್ಮೆ ಪ್ರಯತ್ನಿಸಿ. ಇಂಜಿನ್ ಗರಗರ ತಿರುಗಿಯೂ ಹತ್ತಿಕೊಳ್ಳದಿದ್ದರೆ ಅದು ಬೇರೆಯೇ ಕಥೆ: ಪೆಟ್ರೋಲ್ ಪಂಪಿನ ಗುಂಯ್ ಸದ್ದು, ಇಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್) ದೀಪ, ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್, ಇಲಿ ಕಡಿದ ವೈರು. ಮಳೆನೀರಲ್ಲಿ ಮುಳುಗಿ ನಿಂತ ಗಾಡಿಗೆ ಮಾತ್ರ ಸೆಲ್ಫ್ ಹೊಡೆಯಲೇಬೇಡಿ, ಸಿಲಿಂಡರಿಗೆ ನೀರು ನುಗ್ಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ನಿಮ್ಮದು ಮ್ಯಾನುಯಲ್ ಆದ್ದರಿಂದ ತುರ್ತಿಗೆ ಸೆಕೆಂಡ್ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿಕೊಂಡು ಅಂಗಡಿ ತನಕ ಹೋಗಬಹುದು. ಆಕ್ಸಿಲರೇಟರ್, ಗೇರ್ ಕೇಬಲ್ ಬಿಸಿಯಾಗುತ್ತಿದ್ದರೆ ಮಾತ್ರ ಅರ್ಥು ಸರಿಮಾಡಿಯೇ ಹೊರಡಿ. ಸೆಲ್ಫ್ ಇಳಿಸುವುದೇ ಆದರೆ ಬ್ರಷ್, ಬುಷ್, ಸೊಲೆನಾಯ್ಡ್ ಬದಲಿಸಿ ಕೊಡುತ್ತೀರಾ ಅಂತ ಮೊದಲು ಕೇಳಿ. ಮತ್ತೆ ಕೂರಿಸುವ ಮುನ್ನ ನಿಮ್ಮೆದುರೇ ಬೆಂಚಿನ ಮೇಲೆ ತಿರುಗಿಸಿ ತೋರಿಸಲಿ.