ಪರದೆ ಉಂಟು, ಸ್ವರ ಇಲ್ಲ: ಸ್ಕ್ರೀನ್ ರೆಕಾರ್ಡಿಂಗಲ್ಲಿ ಮೈಕ್ ಎಲ್ಲಿ ತಪ್ಪುದು?

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಹತ್ತಿರ ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಗಣಿತ ಟೀಚರ್. ಹತ್ತನೇ ಕ್ಲಾಸಿನ ಮಕ್ಕಳಿಗೆ ಮನೇಲಿ ನೋಡ್ಲಿಕ್ಕೆ ಅಂತ ಸ್ಲೈಡ್ ಹಾಕಿ ಸ್ಕ್ರೀನ್ ರೆಕಾರ್ಡ್ ಮಾಡ್ತೇನೆ. ಮೊನ್ನೆ 40 ನಿಮಿಷ ಪಾಠ ಮಾಡಿ ಪ್ಲೇ ಮಾಡಿ ನೋಡಿದ್ರೆ, ನಡುವೆ ಹಾಕಿದ ವಿಡಿಯೋದ ಸೌಂಡೆಲ್ಲ ಉಂಟು, ನನ್ನ ಸ್ವರ ಒಂದಕ್ಷರ ಇಲ್ಲ. ಮನೆ ಲ್ಯಾಪ್‌ಟಾಪಲ್ಲಿ ವಿಂಡೋಸ್ ಮತ್ತೆ ಓಬಿಎಸ್ (ಸ್ಕ್ರೀನ್ ರೆಕಾರ್ಡ್ ಮಾಡುವ ಸಾಫ್ಟ್‌ವೇರ್), ಶಾಲೆಯದ್ದರಲ್ಲಿ ಉಬುಂಟು. ಎರಡರಲ್ಲೂ ತೊಂದರೆಯೇ. ಹೆಡ್‌ಸೆಟ್ ಹೊಸತು. ಎಂತ ಮಾಡುದು?

ಉತ್ತರ: ಟೀಚರ್, ಮೊದಲು ಆ 40 ನಿಮಿಷದ ಫೈಲನ್ನು ಡಿಲೀಟ್ ಮಾಡ್ಬೇಡಿ. ವಿಎಲ್‌ಸಿಯಲ್ಲಿ ಓಪನ್ ಮಾಡಿ ಮೇಲೆ ಆಡಿಯೋ ಮೆನುವಿನಲ್ಲಿ ಆಡಿಯೋ ಟ್ರ್ಯಾಕ್ ಅಂತ ಉಂಟಲ್ಲ, ಅಲ್ಲಿ ಟ್ರ್ಯಾಕ್ 1 ಅಲ್ಲದೆ 2 ಕೂಡ ಕಾಣ್ತದಾ ನೋಡಿ. ಓಬಿಎಸ್ ಒಂದೇ ಫೈಲಿನೊಳಗೆ ಆರು ಟ್ರ್ಯಾಕ್‌ವರೆಗೆ ಇಡ್ತದೆ, ಯಾವುದೋ ಟ್ಯುಟೋರಿಯಲ್ ನೋಡಿ ಮೈಕನ್ನು ಎರಡನೇ ಟ್ರ್ಯಾಕಿಗೆ ಹಾಕಿದ್ರೆ ನಿಮ್ಮ ಸ್ವರ ಅಲ್ಲಿ ಪೂರ್ತಿ ಇರ್ತದೆ, ಪ್ಲೇಯರ್ ಮಾತ್ರ ಒಂದನೇದನ್ನೇ ಕೇಳಿಸ್ತಾ ಇರ್ತದೆ. ಇಲ್ಲ ಅಂತಾದ್ರೆ ಸ್ವರ ರೆಕಾರ್ಡೇ ಆಗ್ಲಿಲ್ಲ, ಅದನ್ನು ಯಾವ ಸಾಫ್ಟ್‌ವೇರಿಂದಲೂ ವಾಪಸ್ ತರ್ಲಿಕ್ಕೆ ಆಗುದಿಲ್ಲ. ಆದ್ರೂ ಪರದೆಯ ವಿಡಿಯೋ ಇಟ್ಕೊಳ್ಳಿ, ಅದನ್ನೇ ನೋಡ್ತಾ ಸ್ವರ ಬೇರೆ ರೆಕಾರ್ಡ್ ಮಾಡಿ ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಕೆಡೆನ್‌ಲೈವಲ್ಲಿ ಕೂಡಿಸ್ಬಹುದು, ಸ್ಲೈಡ್ ಎಲ್ಲ ಪುನಃ ಓಡಿಸುವ ಕೆಲಸ ತಪ್ತದೆ.

ಇನ್ನು ಕಾರಣ ಹುಡುಕುವ. ನಿಮ್ಮ ಪತ್ರದಲ್ಲೇ ದೊಡ್ಡ ಸುಳಿವು ಉಂಟು, ವಿಡಿಯೋದ ಸೌಂಡ್ ಬಂದಿದೆ, ಸ್ವರ ಮಾತ್ರ ಇಲ್ಲ. ಕಂಪ್ಯೂಟರಿನ ಸೌಂಡಿಗೂ ಮೈಕಿಗೂ ದಾರಿ ಬೇರೆ ಬೇರೆ. ಒಂದು ಸರಿ ಉಂಟು ಅಂದ್ರೆ ರೆಕಾರ್ಡರ್ ಸರಿ ಉಂಟು, ಮೈಕಿನ ದಾರಿ ಎಲ್ಲೋ ಕಟ್ ಆಗಿದೆ. ನಿಮ್ಮ ಪೆರ್ಲ, ಬಾಯಾರು ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡ ಕೊರೆದ ಸುರಂಗದ ನೀರು ಟ್ಯಾಂಕಿಗೆ ಬೀಳದಿದ್ರೆ ಟ್ಯಾಂಕಿನ ಹತ್ರ ನಿಂತು ನೋಡುದಲ್ಲ ಅಲ್ವಾ, ಸುರಂಗದ ಬಾಯಿಂದಲೇ ಪೈಪು ಹಿಡ್ಕೊಂಡು ಬರುದು, ಎಲ್ಲಿವರೆಗೆ ನೀರುಂಟು ಅಂತ. ಇಲ್ಲಿಯೂ ಹಾಗೇ. ಎಷ್ಟೋ ಜನ ಸೀದಾ ಓಬಿಎಸ್ ಸೆಟ್ಟಿಂಗಿಗೆ ಹೋಗಿ ಸರಿ ಇದ್ದದ್ದನ್ನೂ ಬದಲಾಯಿಸಿ ಕೂತ್ಕೊಳ್ತಾರೆ.

ಸುರಂಗದ ಬಾಯಿ ಅಂದ್ರೆ ಪಿನ್ನು. ಹೊಸ ಹೆಡ್‌ಸೆಟ್ ಅಂತ ಬರೆದಿದ್ದೀರಿ, ಅದಕ್ಕೇ ಇದನ್ನು ಸ್ವಲ್ಪ ಉದ್ದ ಹೇಳ್ತೇನೆ. ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ, ಚಿನ್ನದ ಬಣ್ಣದ ನಡುವೆ ಸಪೂರ ಕಪ್ಪು ಬಳೆಗಳು ಇರ್ತವೆ. ಮೂರು ಬಳೆ ಇದ್ರೆ ಎಡ, ಬಲ, ಗ್ರೌಂಡ್, ಮೈಕ್ ಅಂತ ನಾಲ್ಕು ಭಾಗ, ಮೊಬೈಲಿಗೆ ಹಾಕುವಂಥದ್ದು. ಎರಡೇ ಬಳೆ ಇದ್ರೆ ಅದು ಬರೇ ಹೆಡ್‌ಫೋನ್ ಅಥವಾ ಬರೇ ಮೈಕ್. ಈಗಿನ ಹೆಚ್ಚಿನ ಲ್ಯಾಪ್‌ಟಾಪಲ್ಲಿ ಒಂದೇ ತೂತು, ಅದಕ್ಕೆ ಮೂರು ಬಳೆಯದ್ದೇ ಬೇಕು. ಡೆಸ್ಕ್‌ಟಾಪಲ್ಲಿ ಹಸಿರು, ಗುಲಾಬಿ ಅಂತ ಎರಡು ತೂತು, ಅಲ್ಲಿ ಮೂರು ಬಳೆಯ ಪಿನ್ನನ್ನು ಹಸಿರಿಗೆ ಹಾಕಿದ್ರೆ ಕಿವಿಗೆ ಚಂದ ಕೇಳ್ತದೆ, ಮೈಕ್ ಮಾತ್ರ ಎಲ್ಲಿಗೂ ಕನೆಕ್ಟೇ ಆಗಿರುದಿಲ್ಲ, ಕೇಳ್ತದಲ್ಲ ಅಂತ ಯಾರಿಗೂ ಸಂಶಯ ಬರುದಿಲ್ಲ. ಒಮ್ಮೆ ತಾಳಮದ್ದಳೆ ರೆಕಾರ್ಡ್ ಮಾಡುವವರೊಬ್ಬರು ಕಾಲರ್ ಮೈಕ್ ಹಾಳಾಗಿದೆ ಅಂತ ನನ್ನತ್ರ ತಂದಿದ್ರು. ಮೈಕಿಗೆ ಎಂತದೂ ಆಗಿರ್ಲಿಲ್ಲ, ಎರಡು ಬಳೆಯ ಕ್ಯಾಮೆರಾ ಪಿನ್ನನ್ನು ಲ್ಯಾಪ್‌ಟಾಪಿನ ಒಂದೇ ತೂತಿಗೆ ಹಾಕಿದ್ರು, ಇಡೀ ಪ್ರಸಂಗ ಹೋಗಿತ್ತು. ಹೆಡ್‌ಫೋನನ್ನೂ ಮೈಕನ್ನೂ ಬೇರೆ ಮಾಡುವ ಸಣ್ಣ ಸ್ಪ್ಲಿಟರ್ ಕೇಬಲ್ ಸಿಗ್ತದೆ, ಅಥವಾ ಯುಎಸ್‌ಬಿ ಹೆಡ್‌ಸೆಟ್ ತಗೊಂಡ್ರೆ ಈ ಬಳೆ ಲೆಕ್ಕವೇ ಇಲ್ಲ, ನನ್ನ ಕೇಳಿದ್ರೆ ಪಾಠ ಮಾಡುವವರಿಗೆ ಅದೇ ಒಳ್ಳೇದು.

ಪಿನ್ನು ಸರಿ ಇದ್ರೆ ವಿಂಡೋಸಿನ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡಿಗೆ ಹೋಗಿ ಇನ್‌ಪುಟ್ ಅಂತ ಇದ್ದಲ್ಲಿ ಹೆಡ್‌ಸೆಟ್ ಸೆಲೆಕ್ಟ್ ಮಾಡಿ ಮಾತಾಡಿ, ಸ್ವರದ ಮಟ್ಟ ತೋರಿಸುವ ಪಟ್ಟಿ ಅಲ್ಲಾಡ್ಬೇಕು. ಅಲ್ಲಾಡದಿದ್ರೆ ಕೀಬೋರ್ಡಲ್ಲಿ ಮೈಕಿಗೆ ಅಡ್ಡಗೆರೆ ಎಳೆದ ಬಟನ್ ಒತ್ತಿ ಹೋಗಿದೆಯಾ, ಹೆಡ್‌ಸೆಟ್ ವಯರಲ್ಲಿ ಮ್ಯೂಟ್ ಸ್ವಿಚ್ ಉಂಟಾ ನೋಡಿ. ಅಲ್ಲಾಡಿದ್ರೆ ಮುಂದೆ ಪ್ರೈವೆಸಿ ಆಂಡ್ ಸೆಕ್ಯುರಿಟಿ, ಮೈಕ್ರೋಫೋನ್. ಅಲ್ಲಿ ಆ್ಯಪ್‌ಗಳ ಉದ್ದ ಲಿಸ್ಟ್ ಇರ್ತದೆ, ಅದರಲ್ಲಿ ಓಬಿಎಸ್ ಇಲ್ಲ ಅಂತ ಗಾಬರಿ ಬೇಡ, ಆ ಸ್ವಿಚ್ಚುಗಳು ಸ್ಟೋರಿಂದ ಬಂದ ಆ್ಯಪ್‌ಗಳಿಗೆ. ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅಂತ ಒಂದೇ ಸ್ವಿಚ್ ಉಂಟು, ಓಬಿಎಸ್ ಬರುದು ಅದರಡಿಯಲ್ಲಿ, ಅದು ಆನ್ ಇರ್ಬೇಕು.

ಆಮೇಲೆ ಓಬಿಎಸ್. ಸೆಟ್ಟಿಂಗ್ಸ್, ಆಡಿಯೋದಲ್ಲಿ ಮೈಕ್ ಡೀಫಾಲ್ಟ್ ಅಂತ ಬಿಡ್ಬೇಡಿ, ವೆಬ್‌ಕ್ಯಾಮಿನ ಮೈಕನ್ನೋ ಬ್ಲೂಟೂತನ್ನೋ ವಿಂಡೋಸ್ ತಗೊಂಡು ಬಿಡ್ತದೆ, ಹೆಡ್‌ಸೆಟ್ ಹೆಸರನ್ನೇ ಆರಿಸಿ. ಕೆಳಗೆ ಮಿಕ್ಸರಲ್ಲಿ ನೀವು ಮಾತಾಡುವಾಗ ಪಟ್ಟಿ ಹಸಿರು ದಾಟಿ ಹಳದಿಗೆ ಬರ್ಬೇಕು, ಅಂದ್ರೆ ಮೈನಸ್ 20ರಿಂದ ಮೈನಸ್ 9 ಡೆಸಿಬಲ್ ನಡುವೆ. ಮತ್ತೊಂದು, ಜೂನ್ ಜುಲೈಯಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವ ಶಬ್ದಕ್ಕೆ ಹೆದರಿ ಕೆಲವರು ನಾಯ್ಸ್ ಗೇಟ್ ಫಿಲ್ಟರ್ ಹಾಕಿರ್ತಾರೆ. ಅದು ಹಾಕಿದ ಹಾಗೇ ಬಿಟ್ರೆ ಮೈನಸ್ 26 ಡೆಸಿಬಲ್‌ಗೆ ಏರಿದ ಸ್ವರಕ್ಕೆ ಮಾತ್ರ ಬಾಗಿಲು ತೆಗಿತದೆ, ಮೈನಸ್ 32ಕ್ಕಿಂತ ಕೆಳಗಿಳಿದ್ರೆ ಮುಚ್ತದೆ. ಮೆಲ್ಲ ಮಾತಾಡುವವರ ಸ್ವರವೂ ಮಳೆಯ ಒಟ್ಟಿಗೆ ಹೋಯ್ತು. ಗೇಟ್ ತೆಗೆದು ನಾಯ್ಸ್ ಸಪ್ರೆಶನ್ ಹಾಕಿ, ಮೈಕನ್ನು ಬಾಯಿಗೆ ಹತ್ತಿರ ತನ್ನಿ.

ಶಾಲೆಯ ಉಬುಂಟುವಿನ ಕತೆ ಬೇರೆ. ಪ್ರಿಂಟ್ ಸ್ಕ್ರೀನ್ ಒತ್ತಿದ್ರೆ ಬರುವ ರೆಕಾರ್ಡರಲ್ಲಿ ಮಾಡಿದ್ದಾದ್ರೆ ಅದರಲ್ಲಿ ಆಡಿಯೋವೇ ಇಲ್ಲ, ಅದು ಪರದೆ ಮಾತ್ರ ಹಿಡಿಯುದು, ನಿಮ್ಮದೇನೂ ತಪ್ಪಲ್ಲ. ಅಲ್ಲಿಯೂ ಓಬಿಎಸ್ ಹಾಕಿ. ಅದರಲ್ಲೂ ವಿಡಿಯೋದ ಸೌಂಡ್ ಬಂದು ಸ್ವರ ಬರದಿದ್ರೆ ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್ ಅನ್ನುವ ಆ್ಯಪ್ ಓಪನ್ ಮಾಡಿ, ರೆಕಾರ್ಡ್ ಓಡ್ತಾ ಇರುವಾಗಲೇ ರೆಕಾರ್ಡಿಂಗ್ ಟ್ಯಾಬ್ ನೋಡಿ. ಮೈಕಿನ ಸಾಲಲ್ಲಿಯೂ "ಮಾನಿಟರ್ ಆಫ್ ಬಿಲ್ಟ್-ಇನ್ ಆಡಿಯೋ" ಅಂತ ಇದ್ರೆ ಅದೇ ಕಾರಣ. ಇಲ್ಲಿ ಮಾನಿಟರ್ ಅಂದ್ರೆ ಪರದೆ ಅಲ್ಲ, ಸ್ಪೀಕರಿಗೆ ಹೋಗುವ ಸೌಂಡನ್ನೇ ತಿರುಗಿಸಿ ಕೊಡುವ ದಾರಿ. ಅದನ್ನು ಕ್ಲಿಕ್ ಮಾಡಿ ಮೈಕಿನ ಹೆಸರಿಗೆ ಬದಲಾಯಿಸಿದ್ರೆ ಕೂಡ್ಲೇ ಸ್ವರ ಬರ್ತದೆ, ರೆಕಾರ್ಡಿಂಗ್ ನಿಲ್ಲಿಸ್ಬೇಕಂತಲೂ ಇಲ್ಲ.

ಇನ್ನು ಮುಂದೆ ಪಾಠ ಸುರು ಮಾಡುವ ಮೊದಲು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಒಮ್ಮೆ ಹೆಡ್‌ಫೋನಲ್ಲಿ, ಒಮ್ಮೆ ಮೊಬೈಲ್ ಸ್ಪೀಕರಲ್ಲಿ ಕೇಳಿ. ಸ್ವರ ಒಂದೇ ಕಿವಿಗೆ ಬಂದ್ರೆ ಓಬಿಎಸ್‌ನ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸಲ್ಲಿ ಮೈಕಿಗೆ ಮೊನೊ ಟಿಕ್ ಹಾಕಿ. 2020ರ ಜೂನ್ 1ಕ್ಕೆ ಕೇರಳ ಸರ್ಕಾರದ ವಿಕ್ಟರ್ಸ್ ಚಾನೆಲಲ್ಲಿ ಫಸ್ಟ್ ಬೆಲ್ ಅನ್ನುವ ಟಿವಿ ಪಾಠ ಸುರುವಾದಾಗ ಮಲಯಾಳ ಪಾಠ ಅರ್ಥ ಆಗದೆ ಕೂತ ನಮ್ಮ ಕಡೆಯ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಕನ್ನಡದಲ್ಲಿ ಹೇಳಿಕೊಡುವ ನಿಮ್ಮ ಸ್ವರ ಒಂದು ಪಿನ್ನಿನಿಂದ ಹಾಳಾಗ್ಬಾರ್ದು ಅಂತ ಇಷ್ಟು ಬರೆದದ್ದು.

ಪ್ರಶ್ನೆ: ಮಗಳ ಗೂಗಲ್ ಮೀಟ್ ಟ್ಯೂಷನನ್ನು ಆಂಡ್ರಾಯ್ಡ್ ಮೊಬೈಲಲ್ಲೇ ಸ್ಕ್ರೀನ್ ರೆಕಾರ್ಡ್ ಮಾಡ್ತೇವೆ, ಸ್ವರ ಬರುದೇ ಇಲ್ಲ. ಮೈಕ್ ಆನ್ ಇಟ್ಟದ್ದು ಸರಿಯೇ. (ಮುಳ್ಳೇರಿಯದಿಂದ ಒಬ್ಬರು ತಾಯಿ)

ಉತ್ತರ: ನಿಮ್ಮ ಮೊಬೈಲ್ ಹಾಳಾಗ್ಲಿಲ್ಲ. ಮೀಟಿನಂಥ ಕಾಲ್ ಆ್ಯಪ್ ಮೈಕ್ ಹಿಡ್ಕೊಂಡಿರುವಾಗ ಆಂಡ್ರಾಯ್ಡ್ ಅದಕ್ಕೇ ಆದ್ಯತೆ ಕೊಟ್ಟು ರೆಕಾರ್ಡರಿಗೆ ಬರೇ ಮೌನ ಕಳಿಸ್ತದೆ, ಕಾಲನ್ನು ಕದ್ದು ರೆಕಾರ್ಡ್ ಮಾಡ್ಬಾರ್ದು ಅಂತ ಇರುವ ವ್ಯವಸ್ಥೆ ಅದು. ಸೆಟ್ಟಿಂಗಲ್ಲಿ ಎಷ್ಟು ಹುಡುಕಿದ್ರೂ ದಾರಿ ಸಿಗುದಿಲ್ಲ. ಕ್ಲಾಸನ್ನು ಕಂಪ್ಯೂಟರಲ್ಲಿ ಹಾಕಿ ಓಬಿಎಸಿಂದ ರೆಕಾರ್ಡ್ ಮಾಡ್ಬಹುದು, ಆದ್ರೆ ಅದಕ್ಕೆ ಮೊದಲು ಟ್ಯೂಷನ್ ಕೊಡುವವರತ್ರ ಒಂದು ಮಾತು ಕೇಳಿ, ಅವರೇ ರೆಕಾರ್ಡ್ ಮಾಡಿ ಕಳಿಸ್ತಾರೆ ಅಂತಾದ್ರೆ ಅದಕ್ಕಿಂತ ಸುಲಭ ಬೇರೆ ಇಲ್ಲ.