ಶಿಬಿರ ಆಮೇಲೆ, ಮೊದಲು ಬೀಗದ ಕೈ ಕೊಡಿ

ಓದುಗರ ಪತ್ರ

ಮಾನ್ಯ ಸಂಪಾದಕರೇ,

ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಬಹಳ ವರ್ಷಗಳಿಂದ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷನಾಗಿದ್ದೇನೆ. ದೇವಸ್ಥಾನದ ಸಮಿತಿ, ಶಾಲೆಯ ಕೆಲಸ, ನಾಲೆ ನೀರಿನ ಗಲಾಟೆ, ಎಲ್ಲಕ್ಕೂ ನಾನೇ ಓಡಬೇಕು. ಈಗ ವಯಸ್ಸಾಯಿತು, ಮಂಡಿ ನೋವು ಬೇರೆ. ನನ್ನ ನಂತರ ಯಾರು ಎಂದು ನೋಡಿದರೆ ಒಬ್ಬರೂ ಕಾಣುವುದಿಲ್ಲ. ಹುಡುಗರಿಗೆ ಮೊಬೈಲ್ ಬಿಟ್ಟು ಬೇರೆ ಲೋಕ ಇಲ್ಲ. ಹೆಂಗಸರು ಸಭೆಗೆ ಬಂದರೂ ಬಾಯಿ ಬಿಡುವುದಿಲ್ಲ. ಐದು ಜನ ಹುಡುಗರ ಹೆಸರು ಬರೆದು ಕಳಿಸಿದ್ದೇನೆ. ಇವರಿಗೆ ಮೈಸೂರಿನಲ್ಲಿ ಮೂರು ದಿನದ ನಾಯಕತ್ವ ಶಿಬಿರ ಕೊಡಿಸಬೇಕು ಎಂದು ಆಸೆ. ಯಾರನ್ನು ಕೇಳಬೇಕು, ತಿಳಿಸಿ.

(ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.)

ಸಂಪಾದಕರ ಉತ್ತರ

ಹಿರಿಯರಿಗೆ ನಮಸ್ಕಾರ.

ಅಧಿಕಾರದಲ್ಲಿ ಇರುವಾಗಲೇ "ನನ್ನ ನಂತರ ಯಾರು" ಎಂದು ಕೇಳಿಕೊಳ್ಳುವವರು ಕಡಿಮೆ. ನೀವು ಕೇಳಿಕೊಂಡಿದ್ದೀರಿ. ಅದಕ್ಕೇ ನಿಮ್ಮ ಪತ್ರಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಲು ಮನಸ್ಸು ಬರಲಿಲ್ಲ.

ಶಿಬಿರದ ಮಾತು ಮೊದಲು ಮುಗಿಸುತ್ತೇನೆ. ಮೈಸೂರಿನಲ್ಲಿ ಜಾಗಗಳಿಗೆ ಕೊರತೆ ಇಲ್ಲ. ಗ್ರಾಮ ಪಂಚಾಯ್ತಿ ಸದಸ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಡುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಇಲ್ಲೇ ಇದೆ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ, ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಲ್ಲಿ ಕೆಲಸ ಮಾಡುತ್ತಾ ಬೆಳೆದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೂಡ ನಾಯಕತ್ವದ ತರಬೇತಿ ನಡೆಸುತ್ತದೆ. ಎರಡು ಕಡೆಯೂ ವಿಚಾರಿಸಬಹುದು. ಆದರೆ ಈಗಲೇ ಕಳಿಸಬೇಡಿ. ಮೂರು ದಿನ ಮಾತು ಕೇಳಿ, ಸರ್ಟಿಫಿಕೇಟ್ ಹಿಡಿದು ಊರಿಗೆ ಬಂದ ಹುಡುಗನಿಗೆ ಮಾರನೇ ದಿನ ಮಾಡಲು ಏನು ಕೆಲಸ ಇರುತ್ತದೆ? ಡೇರಿಯ ಬೀಗದ ಕೈ, ಬ್ಯಾಂಕಿನ ಚೆಕ್ ಪುಸ್ತಕದ ಸಹಿ, ಅಧಿಕಾರಿಗಳ ಪರಿಚಯ, ಎಲ್ಲ ನಿಮ್ಮ ಹತ್ತಿರವೇ ಇದ್ದರೆ ಅವನು ಕಲಿತದ್ದನ್ನು ಎಲ್ಲಿ ಬಳಸಬೇಕು? ಆರು ತಿಂಗಳಲ್ಲಿ ಮರೆತು ಹೋಗುತ್ತದೆ. ಕೊನೆಗೆ "ಶಿಬಿರಕ್ಕೆ ಕಳಿಸಿದರೂ ಇವರು ಇಷ್ಟೇ" ಎಂಬ ಮಾತು ಉಳಿಯುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಹೆಂಗಸರ ಬಗ್ಗೆ ಬರೆದ ಸಾಲು. ಬಾಯಿ ಬಿಡುವುದಿಲ್ಲ ಎಂದಿದ್ದೀರಿ. ನಿಮ್ಮೂರಿನಲ್ಲಿ ಸ್ತ್ರೀಶಕ್ತಿ ಸಂಘವೋ ಬೇರೆ ಮಹಿಳಾ ಸಂಘವೋ ಖಂಡಿತ ಇರುತ್ತದೆ. ಅವರ ವಾರದ ಸಭೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ವಿಚಾರಿಸಿ. ಹತ್ತರಿಂದ ಇಪ್ಪತ್ತು ಜನ ಒಂದು ಜಗಲಿಯ ಮೇಲೆ ಸುತ್ತ ಕೂರುತ್ತಾರೆ. ಉಳಿತಾಯದ ದುಡ್ಡು ಎಲ್ಲರ ಎದುರು ಎಣಿಸುತ್ತಾರೆ. ಸಾಲದ ಕಂತು ಕಟ್ಟದವರನ್ನು ಮುಖ ಕಂಡು ಕೇಳುತ್ತಾರೆ. ಈ ಸಲ ಯಾರಿಗೆ ಸಾಲ, ಎಷ್ಟು, ಯಾಕೆ ಎಂದು ವಾದ ಮಾಡುತ್ತಾರೆ. ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಒಂದನೇ ಪ್ರತಿನಿಧಿ, ಎರಡನೇ ಪ್ರತಿನಿಧಿ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಎದುರು ಕೂತು ಮಾತಾಡಿ ಬರುತ್ತಾರೆ. ಅಲ್ಲಿ ಬಾಯಿ ಇರುವ ಅದೇ ಹೆಂಗಸರಿಗೆ ನಿಮ್ಮ ಸಭೆಯಲ್ಲಿ ಯಾಕೆ ಇಲ್ಲ?

ಸಭೆ ಹೇಗಿದೆ ಎಂದು ನೋಡಬೇಕು, ಅಲ್ವಾ? ಮುಂದೆ ಕುರ್ಚಿ, ಮೈಕು. ಹಿಂದೆ ಜಮಖಾನದ ಮೇಲೆ ಹೆಂಗಸರು. ಏನು ತೀರ್ಮಾನ ಆಗಬೇಕೋ ಅದು ಹಿಂದಿನ ರಾತ್ರಿಯೇ ಯಾರದೋ ಮನೆಯಲ್ಲಿ ಆಗಿರುತ್ತದೆ. ಸಭೆಗೆ ಬಂದವರ ಪಾಲಿಗೆ ಉಳಿದದ್ದು ಕೈ ಎತ್ತುವುದು ಮಾತ್ರ. ಎಷ್ಟೋ ಊರುಗಳಲ್ಲಿ ಹಸುವಿಗೆ ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಹಾಕಿ ಬರುವುದು ಹೆಂಡತಿ. ಸದಸ್ಯತ್ವ ಇರುವುದು ಗಂಡನ ಹೆಸರಿನಲ್ಲಿ. ಬಟವಾಡೆಯೂ ಅವನ ಹೆಸರಿಗೇ. ನಿಮ್ಮ ಸಂಘದ ಸದಸ್ಯರ ಪಟ್ಟಿ ತೆಗೆದು, ದಿನಾ ಕ್ಯಾನು ಹಿಡಿದು ಬರುವವರ ಮುಖಗಳ ಜೊತೆ ಹೋಲಿಸಿ ನೋಡಿ. ಹಾಲು ಹಾಕುವವರನ್ನು ಸದಸ್ಯರನ್ನಾಗಿ ಮಾಡುವುದು ಯಾವ ಶಿಬಿರಕ್ಕಿಂತಲೂ ಮೊದಲು ಆಗಬೇಕಾದ ಕೆಲಸ. ಅದಕ್ಕೆ ಮೈಸೂರಿಗೆ ಬರಬೇಕಾಗಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಮೈರಾಡ ಎಂಬ ಸಂಸ್ಥೆಯ ಹೆಸರು ಕೇಳಿರಬಹುದು. ಅದರ ಹೆಸರಿನ ಮೊದಲ ಅಕ್ಷರಗಳಲ್ಲೇ ಮೈಸೂರು ಇದೆ. 1968ರಲ್ಲಿ ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಹುಟ್ಟಿದ ಸಂಸ್ಥೆ ಅದು. ಆಮೇಲೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತು. 1980ರ ದಶಕದ ಮಧ್ಯಭಾಗದಲ್ಲಿ ಅವುಗಳಲ್ಲಿ ಹಲವು ಒಡೆದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಲೆಕ್ಕಪತ್ರವೂ ಸರಿ ಇರಲಿಲ್ಲ. ಸಾಲ ತೆಗೆದುಕೊಂಡಿದ್ದ ಬಡವರು ಸಣ್ಣ ಸಣ್ಣ ಗುಂಪುಗಳಾಗಿ ಸಂಸ್ಥೆಯ ಹತ್ತಿರ ಬಂದು, "ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ" ಎನ್ನುವಂತಾಯಿತು. ಸಂಸ್ಥೆ ಆ ಗುಂಪುಗಳನ್ನು ಒಡೆಯಲಿಲ್ಲ. ದುಡ್ಡು ನಿಮ್ಮಲ್ಲೇ ಇಟ್ಟುಕೊಂಡು ನೀವೇ ನಡೆಸಿ ಎಂದಿತು. ಸಭೆಗೆ ಪ್ರತಿ ಸಲ ಒಬ್ಬೊಬ್ಬರು ಅಧ್ಯಕ್ಷತೆ ವಹಿಸುವ ರೂಢಿ ಬೆಳೆಸಿತು. ಇವತ್ತು ನಾವು ಸ್ವಸಹಾಯ ಸಂಘ ಎನ್ನುವುದು ಬೆಳೆದು ಬಂದ ದಾರಿಗಳಲ್ಲಿ ಇದು ಮುಖ್ಯವಾದದ್ದು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು.

ಈ ಕಥೆಯಲ್ಲಿ ನನಗೆ ಬಹಳ ಮುಖ್ಯ ಎನಿಸುವುದು ಒಂದೇ. ಆ ಗುಂಪಿನವರಿಗೆ ಮೊದಲು ಸಿಕ್ಕಿದ್ದು ಹಣದ ಪೆಟ್ಟಿಗೆ. ಲೆಕ್ಕ ಬರೆಯುವುದು, ಸಭೆ ನಡೆಸುವುದು, ಬ್ಯಾಂಕಿನ ಫಾರಂ ತುಂಬುವುದು, ಇದನ್ನೆಲ್ಲ ಅವರು ಆ ಪೆಟ್ಟಿಗೆ ಮುಂದೆ ಇಟ್ಟುಕೊಂಡೇ ಕಲಿತರು. ಅವರಿಗೆ ತರಬೇತಿ ಉಪಯೋಗಕ್ಕೆ ಬಂದದ್ದು ಕೈಯಲ್ಲಿ ಕೆಲಸ ಇದ್ದುದರಿಂದ.

ಪಂಚಾಯ್ತಿಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಗುಂಡ್ಲುಪೇಟೆ ಕಡೆಯ ನಜೀರ್ ಸಾಬರು ಮಂತ್ರಿಯಾಗಿದ್ದಾಗ ತಂದ ಕಾನೂನಿನಂತೆ 1987ರಲ್ಲಿ, ಈಗಿನ ಗ್ರಾಮ ಪಂಚಾಯ್ತಿಗಳಿಗಿಂತ ಮೊದಲಿದ್ದ ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಾಯಿತು. ಪಂಚಾಯ್ತಿಗಳ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅಂದರೆ ನಾವು ಆರು ವರ್ಷ ಮುಂದಿದ್ದೆವು. 2010ರಲ್ಲಿ ನಮ್ಮ ರಾಜ್ಯ ಅದನ್ನು 50ಕ್ಕೆ ಏರಿಸಿತು. ಇದು ಸಣ್ಣ ಸಾಧನೆ ಅಲ್ಲ. ಹೀಗಿದ್ದೂ ಇವತ್ತಿಗೂ ಎಷ್ಟೋ ಕಡೆ ಅಧ್ಯಕ್ಷರು ಮನೆಯಲ್ಲಿ, ಅಧ್ಯಕ್ಷರ ಗಂಡ ಪಂಚಾಯ್ತಿ ಕಚೇರಿಯಲ್ಲಿ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಫೋನ್ ಮಾಡುವುದೂ ಗಂಡನ ನಂಬರಿಗೇ. ಕುರ್ಚಿ ಸಿಕ್ಕಿತು, ಕೀಲಿಕೈ ಸಿಗಲಿಲ್ಲ. ಸಂಘದಲ್ಲಿ ನಾಲ್ಕು ವರ್ಷ ಲೆಕ್ಕ ಬರೆದು ಪಳಗಿ ಬಂದ ಸದಸ್ಯೆಯ ಹತ್ತಿರ ಈ ಆಟ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಖರ್ಚಿನ ಪಟ್ಟಿ ತೋರಿಸಿ ಎಂದು ಕೇಳುವ ಅಭ್ಯಾಸ ಅವಳಿಗೆ ಮೊದಲೇ ಆಗಿರುತ್ತದೆ.

ಈಗ ನೀವು ಕಳಿಸಿದ ಐದು ಹೆಸರುಗಳು. ಐದೂ ಗಂಡು ಹುಡುಗರವು. ಹಿರಿಯರಾದ ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ, ಆ ಐದು ಮನೆಗಳು ಯಾವ ಬೀದಿಯಲ್ಲಿವೆ? ನಿಮ್ಮ ಬೀದಿಯಲ್ಲೇ ಇದ್ದರೆ, ನಿಮ್ಮ ನೆಂಟರಿಷ್ಟರೇ ಆಗಿದ್ದರೆ, ಉಳಿದ ಕೇರಿಗಳಿಗೆ ಇದು ಊರಿನ ಕೆಲಸ ಎನಿಸುವುದಿಲ್ಲ. ಪರಿಶಿಷ್ಟರ ಕೇರಿಯಿಂದಲೂ ಡೇರಿಗೆ ಹಾಲು ಬರುತ್ತದೆ. ಅಲ್ಲಿಯ ಒಬ್ಬ ಹುಡುಗ, ಒಬ್ಬ ಹುಡುಗಿ ಆ ಪಟ್ಟಿಯಲ್ಲಿ ಯಾಕೆ ಇಲ್ಲ ಎಂದು ಯೋಚಿಸಿ. ಒಳ್ಳೆಯ ಮಾತುಗಾರರನ್ನು ಹುಡುಕುವುದು ನಮ್ಮೆಲ್ಲರ ಅಭ್ಯಾಸ. ನಾನಾದರೆ ಬೇರೆ ಕಡೆ ನೋಡುತ್ತೇನೆ. ಯಾರದೋ ಮನೆಯಲ್ಲಿ ಸಾವಾದಾಗ ಸುಮ್ನೆ ಬಂದು ಪೆಂಡಾಲ್ ಕಟ್ಟುವವನು ಯಾರು? ಅಕ್ಕಪಕ್ಕದ ಹೆಂಗಸರಿಗೆ ಆಸ್ಪತ್ರೆಯ ಚೀಟಿ ಓದಿ ಹೇಳುವವಳು ಯಾರು? ರೇಷನ್ ಕಾರ್ಡಿನ ಅರ್ಜಿ ತುಂಬಿಸಲು ಜನ ಯಾರ ಮನೆಗೆ ಹೋಗುತ್ತಾರೆ? ಊರು ಆಗಲೇ ಕೆಲವರನ್ನು ನಂಬಿರುತ್ತದೆ. ಅವರಿಗೆ ಕುರ್ಚಿ ಇರುವುದಿಲ್ಲ, ಅಷ್ಟೇ.

ಮೊಬೈಲ್ ಬಿಟ್ಟು ಬೇರೆ ಲೋಕ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮೂರಿನ ಹುಡುಗರಲ್ಲಿ ಎಷ್ಟು ಜನ ಬೆಂಗಳೂರಿನ ರೈಲು ಹತ್ತುತ್ತಾರೆ? ಎಷ್ಟು ಹೆಣ್ಣುಮಕ್ಕಳು ಬೆಳಗ್ಗೆಯೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ? ಸಭೆ ವಾರದ ದಿನ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಇವರು ಬರುವುದು ಹೇಗೆ? ಭಾನುವಾರ, ಸಂಜೆ ಹಾಲು ಹಾಕಿ ಮುಗಿದ ಮೇಲೆ ಇಟ್ಟು ನೋಡಿ. ಬರುವ ಮುಖಗಳೇ ಬೇರೆ ಆಗುತ್ತವೆ.

ಇನ್ನು ಮಾಡಬೇಕಾದ್ದು. ಒಂದು ಕೆಲಸ ಆರಿಸಿ. ದೊಡ್ಡದು ಬೇಡ, ಆದರೆ ಅದರಲ್ಲಿ ದುಡ್ಡು ಇರಬೇಕು, ಕೊನೆಯ ದಿನಾಂಕ ಇರಬೇಕು. ಡೇರಿ ಕಟ್ಟಡಕ್ಕೆ ಸುಣ್ಣಬಣ್ಣ ಹೊಡೆಸುವುದು ಆಗಬಹುದು. ಸಂಕ್ರಾಂತಿಗೆ ರಾಸುಗಳ ಕಿಚ್ಚು ಹಾಯಿಸುವ ಏರ್ಪಾಡೂ ಆಗಬಹುದು. ಆಡಳಿತ ಮಂಡಳಿಯಲ್ಲಿ ನಿರ್ಣಯ ಮಾಡಿ, ಇಷ್ಟು ಹಣ ಎಂದು ಬರೆದು, ಇಬ್ಬರ ಕೈಗೆ ಕೊಡಿ. ಇಬ್ಬರು ಬೇರೆ ಬೇರೆ ಕೇರಿಯವರಾಗಿರಲಿ, ಒಬ್ಬರು ಹೆಣ್ಣುಮಗಳಾಗಿರಲಿ. ಆಮೇಲೆ ನೀವು ಆ ಕಡೆ ಹೋಗಬೇಡಿ. ಇದೇ ಕಷ್ಟದ ಭಾಗ. ನೀವಾಗಿದ್ದರೆ ಬೇರೆ ಅಂಗಡಿಯಲ್ಲಿ ಬಣ್ಣ ತರುತ್ತಿದ್ದಿರಿ, ಬೇರೆ ಮೇಸ್ತ್ರಿಯನ್ನು ಕರೆಯುತ್ತಿದ್ದಿರಿ. ಅವರು ಕೇಳಿದರೆ ಹೇಳಿ. ಕೇಳದಿದ್ದರೆ ತಡೆದುಕೊಳ್ಳಿ. ಕೆಲಸ ಮುಗಿದ ಮೇಲೆ ಬಟವಾಡೆ ದಿನ, ಎಲ್ಲರೂ ಬಂದಿರುವಾಗ, ಅವರೇ ನಿಂತು ಲೆಕ್ಕ ಓದಲಿ. ರಸೀದಿಗಳನ್ನು ಡೇರಿಯ ಗೋಡೆಗೆ ಅಂಟಿಸಲಿ.

ಮೊದಲ ಸಲ ಏನಾದರೂ ತಪ್ಪು ಆಗುತ್ತದೆ. ಐನೂರು ರೂಪಾಯಿ ಜಾಸ್ತಿ ಕೊಟ್ಟಿರುತ್ತಾರೆ, ಒಂದು ರಸೀದಿ ಕಳೆದುಹೋಗಿರುತ್ತದೆ. ಅರಳಿಕಟ್ಟೆಯ ಮೇಲೆ ಅದೇ ಮಾತು ವಾರಗಟ್ಟಲೆ ನಡೆಯುತ್ತದೆ. ಹೆಣ್ಣುಮಗಳ ವಿಷಯದಲ್ಲಂತೂ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ, ಅವಳ ನಡತೆಗೂ ಹೋಗುತ್ತದೆ. ಎಷ್ಟೋ ಜನ ಒಳ್ಳೆಯವರು ಊರಿನ ಕೆಲಸಕ್ಕೆ ಕೈಮುಗಿದು ಹಿಂದೆ ಸರಿಯುವುದು ಈ ಹೊತ್ತಿನಲ್ಲೇ. ಇಲ್ಲಿ ನಿಮ್ಮಂಥವರು ಬೇಕು. ನಿಮ್ಮ ಮಾತಿಗೆ ಊರಲ್ಲಿ ತೂಕ ಇದೆ. ಎಲ್ಲರ ಎದುರು ನಿಂತು, "ತಪ್ಪು ಆಗಿದೆ, ಕಳ್ಳತನ ಆಗಿಲ್ಲ, ಮುಂದಿನ ಸಲವೂ ಇವರೇ ಮಾಡುತ್ತಾರೆ" ಎಂದು ಹೇಳಿ. ಬೇಕೆಂದೇ ಕದ್ದವರನ್ನು ಮುಲಾಜಿಲ್ಲದೆ ತೆಗೆಯಿರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ನಾಲೆ ನೀರಿನ ವಿಷಯಕ್ಕೆ ಬರುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲಿನವರು ತೂಬು ಮುಚ್ಚದಿದ್ದರೆ ಕೆಳಗಿನ ಗದ್ದೆ ಒಣಗುತ್ತದೆ. ಆಗ ಜನ ನಿಮ್ಮ ಮನೆಗೆ ಬರುತ್ತಾರೆ, ನೀವು ಎಂಜಿನಿಯರಿಗೆ ಫೋನ್ ಮಾಡುತ್ತೀರಿ. ಆ ಎಂಜಿನಿಯರ್ ಫೋನಿನಲ್ಲಿ ನಿಮ್ಮೂರಿನ ನಂಬರ್ ಒಂದೇ ಇರುತ್ತದೆ, ಅದು ನಿಮ್ಮದು. ಇಷ್ಟು ವರ್ಷದಲ್ಲಿ ನೀವು ಗಳಿಸಿದ ದೊಡ್ಡ ಆಸ್ತಿ ಈ ಪರಿಚಯಗಳೇ. ಯಾವ ಕಚೇರಿಯಲ್ಲಿ ಯಾವ ಟೇಬಲ್‌ಗೆ ಹೋಗಬೇಕು, ಯಾರ ಹತ್ತಿರ ಮೆತ್ತಗೆ ಮಾತಾಡಬೇಕು, ಯಾರಿಗೆ ಅರ್ಜಿ ಬರೆದು ಸ್ವೀಕೃತಿ ತೆಗೆದುಕೊಳ್ಳಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಮುಂದಿನ ಸಲ ಹೋಗುವಾಗ ಇಬ್ಬರನ್ನು ಕರೆದುಕೊಂಡು ಹೋಗಿ. ಅದರ ಮುಂದಿನ ಸಲ ಅವರು ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ. ಮೂರನೇ ಸಲ ಮನೆಯಲ್ಲೇ ಇರಿ. ನಿಮ್ಮ ಮಂಡಿಗೂ ಒಳ್ಳೆಯದು.

ಶಾಲೆಯ ಕೆಲಸ ಅಷ್ಟು ಕಷ್ಟದ್ದಲ್ಲ. ಶಿಕ್ಷಣ ಹಕ್ಕು ಕಾಯ್ದೆಯೇ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧ ಭಾಗ ಹೆಂಗಸರು ಇರಬೇಕು ಎನ್ನುತ್ತದೆ. ಮಕ್ಕಳ ಅಪ್ಪ ಅಮ್ಮಂದಿರಿಗೆ ಅದನ್ನು ಬಿಟ್ಟುಕೊಟ್ಟು ನೀವು ದೂರ ಇರಬಹುದು.

ನಿಮ್ಮ ತಾಲ್ಲೂಕಿನವರಿಗೆ ಶಿವಪುರದ ಧ್ವಜ ಸತ್ಯಾಗ್ರಹದ ನೆನಪು ಮಾಡಿಕೊಡುವುದು ದೊಡ್ಡ ಮಾತೇನಲ್ಲ. 1938ರ ಏಪ್ರಿಲ್‌ನಲ್ಲಿ ಮೈಸೂರು ಸರ್ಕಾರದ ನಿಷೇಧ ಮೀರಿ ಅಲ್ಲಿ ಬಾವುಟ ಹಾರಿಸಿದರು. ಮುಂದಾಳುಗಳನ್ನು ಬಂಧಿಸಿದರೂ ಚಳವಳಿ ನಿಲ್ಲಲಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಎಂಬ ತಯಾರಿ ಇಲ್ಲದ ಕಡೆ ಅದು ಆಗುವ ಮಾತಲ್ಲ. ನಿಮ್ಮ ಡೇರಿಗೂ ಆ ತಯಾರಿ ಬೇಕು.

ಕೊನೆಯದು ಹೇಳಲು ನನಗೆ ಸ್ವಲ್ಪ ಕಷ್ಟ. ಮುಂದಿನ ಚುನಾವಣೆಗೆ ನಾನು ನಿಲ್ಲುವುದಿಲ್ಲ ಎಂದು ಈ ವರ್ಷದ ಸರ್ವ ಸದಸ್ಯರ ಸಭೆಯಲ್ಲೇ ಹೇಳಿಬಿಡಿ. ನೀವು ಇರುವತನಕ ಬೇರೆಯವರು ನಿಲ್ಲುವುದು ನಿಮಗೆ ಅಗೌರವ ಎಂದು ಊರಿನವರು ಭಾವಿಸಿರಬಹುದು. ಯಾರೂ ಕಾಣುತ್ತಿಲ್ಲ ಎಂದು ನಿಮಗೆ ಅನಿಸುವುದಕ್ಕೆ ಅದೂ ಒಂದು ಕಾರಣ ಇರಬಹುದು. ಮೊದಲೇ ಹೇಳಿದರೆ ಮುಂದೆ ಬರುವವರಿಗೆ ಧೈರ್ಯ ಬರುತ್ತದೆ, ನಿಮ್ಮ ಹತ್ತಿರ ಕೂತು ಕಲಿಯಲು ಸಮಯವೂ ಸಿಗುತ್ತದೆ.

ಇಷ್ಟಾದ ಮೇಲೆ, ಒಂದು ವರ್ಷ ಕೆಲಸ ಮಾಡಿದ ಆ ಜೋಡಿಗಳನ್ನು ಶಿಬಿರಕ್ಕೆ ಕಳಿಸಿ. ಆಗ ಅವರ ಹತ್ತಿರ ಕೇಳಲು ಪ್ರಶ್ನೆಗಳಿರುತ್ತವೆ. ಸೇರಿಸುವ ವಿಷಯದಲ್ಲಿ ನಮ್ಮ ಕಚೇರಿಯಿಂದ ಆಗುವ ಸಹಾಯ ಮಾಡುತ್ತೇವೆ. ಅದಕ್ಕೆ ಮೊದಲು ಒಂದು ಕೋರಿಕೆ. ನಿಮ್ಮೂರಿನ ಮಹಿಳಾ ಸಂಘದವರಿಗೆ ಈ ಸಂಚಿಕೆ ತೋರಿಸಿ, ನಿಮ್ಮ ಪತ್ರವನ್ನೂ ಓದಿ ಹೇಳಿ. ಅವರಿಗೆ ಏನು ಅನಿಸುತ್ತದೆ ಎಂದು ಅವರೇ ಬರೆಯಲಿ. ಬಂದದ್ದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ಇಂತಿ,
ಸಂಪಾದಕ